ಎರವಲು ಪುಸ್ತಕ

ಬಾರ್ನ್ಸ್‌ಲಿಯ ಬ್ಯಾಂಡ್ ಹಾಲಿನಲ್ಲಿ
ಎರವಲು ಪುಸ್ತಕ ಬರೆಯುವವಳು ನಾನು.
ನಂಬರ್ ಹದಿನಾಲ್ಕು: ಕಾರ್ನೆಟ್, ಬಾಯಂಚಿನಲ್ಲಿ ತಗ್ಗು,
ಗಣಿ ಮುಚ್ಚಿದ ವರ್ಷ ಯಾರದೋ ಕೈಜಾರಿ ಆದದ್ದು.
ಪಡೆದವರು: ಕೆಜಾಯಾ ಓಲ್ಡ್‌ರಾಯ್ಡ್, ಹತ್ತು ವರ್ಷ.
ಬಾಡಿಗೆಯ ಕಾಲಮ್ಮಿನಲ್ಲಿ ಒಂದು ಗೀಟು ಎಳೆದೆ.
ಗೀಟಿನ ಅರ್ಥ ಅವಳಮ್ಮ ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಅಮ್ಮನಿಗೆ ಗೋದಾಮಿನಲ್ಲಿ ರಾತ್ರಿಪಾಳಿ, ಸಂಜೆಯವರೆಗೂ ನಿದ್ದೆ.
ಹುಡುಗಿ ಕಾರ್ನೆಟ್ಟಿನ ಬಾಯಿಗೆ
ಉಣ್ಣೆಯ ಕಾಲುಚೀಲ ತುರುಕಿ
ಮೆಟ್ಟಿಲ ಕೆಳಗೆ ಕೂತು ಊದುತ್ತಾಳೆ.
ಆರು ತಿಂಗಳು ಅವಳ ಸ್ವರ ಕೇಳಿದ್ದು
ಅಲ್ಲಿ ನೇತಾಡುವ ಕೋಟುಗಳು ಮಾತ್ರ.

ಗುರುವಾರ ತಾಲೀಮು.
ಪಕ್ಕದ ಕುರ್ಚಿ ದಂತವೈದ್ಯರ ಮಗನದು;
ಅವನ ಕಾರ್ನೆಟ್ ಸ್ವಂತದ್ದು, ಮುಖ ಕಾಣುವಷ್ಟು ಹೊಳಪು.
ಸ್ಟ್ಯಾಂಡು ಮಾತ್ರ ಇಬ್ಬರಿಗೂ ಒಂದೇ.
ಉದ್ದನೆಯ ಸಾಲಿನ ನಡುವೆ ಅವನ ಉಸಿರು ಮುಗಿಯಿತು.
ಇವಳದು ಮುಗಿಯಲಿಲ್ಲ.
ಕಾಲುಚೀಲಕ್ಕೆ ಎದುರಾಗಿ ಊದಿ ಊದಿ ಬಲಿತ ಉಸಿರು
ಅವನ ಪಾಲನ್ನೂ ಹೊತ್ತು ದಾಟಿಸಿತು.

ಹುಡುಗ ಪುಟ ತಿರುವಿದ, ಇಬ್ಬರಿಗೂ.

ಎಂಟೂವರೆಗೆ ಬಾಗಿಲು ಹಾಕುವಾಗ ಕಂಡೆ:
ಅವನು ಕಾರು ಹತ್ತಿದ.
ಅವಳು ಬಸ್ಸಿಗೆ ಕಾಯುತ್ತಿದ್ದಳು,
ಪೆಟ್ಟಿಗೆ ಮಡಿಲಲ್ಲಿ, ಎರಡೂ ಕೈ ಅದರ ಮೇಲೆ.
ಇದಕ್ಕೆ ನನ್ನ ಪುಸ್ತಕದಲ್ಲಿ ಕಾಲಮ್ಮಿಲ್ಲ.