ಉಪ್ಪು ತಿಂದವರು

ಬೆಳಗಿನ ಆರಕ್ಕೆ ಇಳಿತ. ಟ್ರ್ಯಾಕ್ಟರ್ ಹತ್ತಿ
ಬ್ರಿಟನಿಯ ಈ ಕೊಲ್ಲಿಗೆ ಬರುತ್ತೇನೆ, ಪುರಸಭೆಯ ಕೂಲಿ.
ದೂರದಿಂದ ನೋಡಿದರೆ ಮರಳೆಲ್ಲ ಹಸಿರು,
ಯಾರೋ ಸೊಪ್ಪಿನ ಮಡಿ ಹಾಕಿದ ಹಾಗೆ.
ಹತ್ತಿರ ಬಂದರೆ ಕೊಳೆತ ಮೊಟ್ಟೆಯ ನಾತ.

ಕೊರಳಲ್ಲಿ ತಾಯಿತದಂತೆ ಒಂದು ಯಂತ್ರ.
ಗಾಳಿ ಕೆಟ್ಟರೆ ಕೂಗುತ್ತದೆ,
ಕೂಗಿದರೆ ಓಡಬೇಕು, ಎಂಜಿನ್ ಆರಿಸಲೂ ನಿಲ್ಲದೆ.
ಹೋದ ಬೇಸಿಗೆ ಕಾಡುಹಂದಿಯೊಂದು
ಮರಿಗಳ ಸಮೇತ ಈ ಪಾಚಿಯ ಮೇಲೆ ಮಲಗಿತು.
ಏಳಲಿಲ್ಲ.
ಹಂದಿಯನ್ನು ಹಂದಿಯೇ ಕೊಂದಿತು ಬಿಡಿ ಎಂದು
ಬಂದರಿನ ಅಂಗಡಿಯಲ್ಲಿ ಯಾರೋ ನಕ್ಕರು.
ನಾನೂ ನಕ್ಕೆ. ಆಮೇಲೆ ಸೈಡರ್ ಒಗರಾಯಿತು.

ಯಾಕೆಂದರೆ ಇಲ್ಲಿ ಬಂದು ಸೇರುವ ತೊರೆಯನ್ನು ಹಿಡಿದು
ಆರು ಮೈಲಿ ಮೇಲಕ್ಕೆ ನಡೆದರೆ
ನನ್ನ ಅಕ್ಕ ಗ್ವೆನೋಲಾಳ ತಗಡಿನ ಕೊಟ್ಟಿಗೆಗಳು:
ಹಂದಿ ನಾಲ್ಕು ಸಾವಿರ, ಕಿಟಕಿ ಒಂದೂ ಇಲ್ಲ.
ಹದಿನಾಲ್ಕು ವರ್ಷ ಅಲ್ಲಿ ದುಡಿದೆ ನಾನು.
ಮೇವಿನ ಚೀಲದ ಮೇಲೊಂದು ಕೆಂಪು ಗಿಳಿಯ ಚಿತ್ರವಿರುತ್ತಿತ್ತು.
ಹಡಗಿನಲ್ಲಿ ಬರುವ ಸೋಯಾ;
ಗಿಳಿ ಕೂರುತ್ತಿದ್ದ ಮರ ಎಲ್ಲಿ ಎಂದು
ಚೀಲದಲ್ಲಿ ಬರೆದಿರಲಿಲ್ಲ, ನಾನು ಕೇಳಲೂ ಇಲ್ಲ.
ತಿಂದದ್ದು ಗೊಬ್ಬರವಾಗಿ ಹೊಲಕ್ಕೆ, ಹೊಲ ತಾಳದೆ ತೊರೆಗೆ,
ತೊರೆ ತಾಳದೆ ಇಲ್ಲಿಗೆ, ನನ್ನ ಮುಂಗಾಲಿಯ ಕೆಳಗೆ.
ಅಂದು ಸುರಿದವನೇ ಇಂದು ಗೋರುತ್ತಿದ್ದೇನೆ,
ಎರಡಕ್ಕೂ ಸಂಬಳ ಸಿಕ್ಕಿದೆ.

ಅಜ್ಜಿ ಸ್ವಾಜಿಗ್ ಸಾಕುತ್ತಿದ್ದದ್ದು ವರ್ಷಕ್ಕೆ ಒಂದು.
ಹಳೆಯ ಕಾಲವೆಂದು ಸಾವೇನೂ ಮೆತ್ತಗಿರಲಿಲ್ಲ;
ಅದೂ ಕಿರುಚುತ್ತಿತ್ತು, ಚರ್ಚಿನ ತನಕ ಕೇಳುವಂತೆ.
ಆದರೆ ಆ ದಿನ ಮನೆಯಲ್ಲಿ ಯಾರೂ
ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.
ಜಾಡಿಯಲ್ಲಿ ಉಪ್ಪು ಹಾಕಿಟ್ಟ ಆ ಮಾಂಸ
ಮುಂದಿನ ಚಳಿಗಾಲದವರೆಗೆ ಬರಬೇಕು.
ಬಟ್ಟೆಚೀಲದಲ್ಲಿ ಕರಿಗೋಧಿ ಹಿಟ್ಟು ಕಟ್ಟಿ
ಸಾರಿಗೆ ಇಳಿಬಿಡುತ್ತಿದ್ದಳು. ಹೊಟ್ಟೆ ತುಂಬುತ್ತಿದ್ದದ್ದು ಅದರಿಂದ.
ಮಾಂಸ, ನೆನಪಿಗೆ ಒಂದು ಚೂರು.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಕುಡಿಯೋಣ. ಯಾವ ನೀರು?
ಗ್ವೆನೋಲಾಳ ಬಾವಿಗೆ ಚೀಟಿ ಅಂಟಿಸಿ ಹೋಗಿದ್ದಾರೆ,
ಎಳೆಮಗುವಿಗೆ ಕೊಡಬೇಡಿ ಎಂದು.
ಮೊಮ್ಮಗಳು ಬಂದಾಗ ಬಾಟಲಿ ನೀರು ತರುತ್ತಾಳೆ ಅಕ್ಕ,
ಆ ಮಾತು ಮಾತ್ರ ಎತ್ತುವುದಿಲ್ಲ.

ಭಾನುವಾರ ಅವಳ ಮನೆಯ ಊಟ.
ತಟ್ಟೆಯಂಚಿಗೆ ಜೋತುಬೀಳುವಷ್ಟು ದೊಡ್ಡ ತುಂಡು ಬಡಿಸಿದಳು.
ಅರ್ಧ ಸಾಕು, ಅಂದೆ. ಹಿಟ್ಟಿನ ಕಡುಬು ಇನ್ನಷ್ಟು ಹಾಕು.
ಮೈಗೆ ಹುಷಾರಿಲ್ಲವೇ? ಅಂದಳು. ಇದೆ, ಅಂದೆ.
ಅವಳು ಸೌಟು ಇಟ್ಟಳು.
ತಿಂದ ಮನೆಗೆ ಎರಡು ಬಗೆಯಬೇಡ, ತ್ಯುಡಿ.
ನಿನ್ನ ಅರ್ಧ ತುಂಡಿಗೆ ಸಮುದ್ರ ತಿಳಿಯಾಗುತ್ತದೇನು?

ಇಲ್ಲ. ಸಮುದ್ರಕ್ಕೆ ನಾನು ಯಾರೆಂದೂ ತಿಳಿಯದು.
ಅವಳ ಕೈ ನೋಡಿದೆ, ಸೀಳಿದ ಉಗುರು ನೋಡಿದೆ,
ನಾಲ್ಕು ಗಂಟೆಗೆ ಎದ್ದು ಬಂದ ಕೈ.
ಅವಳ ತಪ್ಪು ಎನ್ನಲು ನಾಲಿಗೆ ಏಳಲಿಲ್ಲ.
ಪ್ಯಾರಿಸ್ಸಿನ ಸೂಪರ್‌ಮಾರ್ಕೆಟ್ಟಿನಲ್ಲಿ
ಪ್ಲಾಸ್ಟಿಕ್ ಹೊದ್ದು ಮಲಗಿದ ತುಂಡುಗಳಿಗೆ,
ಕಡಿಮೆ ಬೆಲೆ ಎಂದು ಎರಡೆರಡು ಎತ್ತಿಕೊಳ್ಳುವವರಿಗೆ,
ಈ ಕೈಯೂ ಕಾಣದು, ಈ ನಾತವೂ ತಾಗದು.
ಅಕ್ಕ, ಕಡಿಮೆ ಅನ್ನುತ್ತಿದ್ದೇನೆ,
ಬೇಡವೇ ಬೇಡ ಅನ್ನುತ್ತಿಲ್ಲ.
ಕೊಟ್ಟಿಗೆಗೆ ಕಿಟಕಿ ಇಡುವಷ್ಟು ಕಡಿಮೆ.
ತೊರೆ ತಾಳುವಷ್ಟು.

ಇಷ್ಟೆಲ್ಲ ಹೇಳಲಿಲ್ಲ. ಹೇಳಲು ಬಾಯಿ ತೆರೆದಾಗ
ಕೊರಳಲ್ಲಿ ಬಿಚ್ಚಲು ಮರೆತಿದ್ದ ಯಂತ್ರ ಕೂಗಿತು.

ಚಮಚಗಳು ನಿಂತವು. ಅಕ್ಕ ಎದ್ದು
ಮಗುವನ್ನು ಬಾಚಿ ಎದೆಗವಚಿಕೊಂಡಳು,
ಬಾಗಿಲ ಕಡೆಗಲ್ಲ, ಕೊಟ್ಟಿಗೆಯ ಕಡೆ ನೋಡಿದಳು.

ಏನಿಲ್ಲ, ಅಂದೆ. ಬ್ಯಾಟರಿ ಮುಗಿದಿದೆ.

ಆಮೇಲೆ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.
ಕಡುಬನ್ನು ದಾರದಿಂದ ಕೊಯ್ದು ಎಲ್ಲರಿಗೂ ಹಂಚಿದಳು.
ನಾಳೆ ಇಳಿತ ಆರೂ ಐವತ್ತಕ್ಕೆ.
ಅಂಗಡಿ ತೆರೆದಿದ್ದರೆ ಬ್ಯಾಟರಿ ಕೊಳ್ಳಬೇಕು.