ಎರಡು ನಿಮಿಷ

ಕಂಡಕ್ಟರನ ಸಾಲ ಟಿಕೆಟ್ಟಿನ ಬೆನ್ನಿಗಿರುತ್ತದೆ:
ಇಳಿಯುವಾಗ ಇಸ್ಕೊಳ್ಳಿ ಎಂದು ಗೀಚಿದ
ಹದಿನೈದು, ಮೂವತ್ತೆಂಟು.
ಅರ್ಧ ಮಂದಿ ಮರೆತೇ ಇಳಿಯುತ್ತಾರೆ.
ಆ ಲೆಕ್ಕ ನನಗೆ ಗೊತ್ತು.
ಈ ಲೆಕ್ಕ ಗೊತ್ತಿರಲಿಲ್ಲ.

ಹಾಲೇಶಪ್ಪನ ಮಗಳು ಸಿಂಚನ, ಆರನೇ ಕ್ಲಾಸು,
ಮೆಗ್ಗಾನಿನಲ್ಲಿ ಎರಡು ರಾತ್ರಿ. ಮೂರನೇ ಬೆಳಿಗ್ಗೆ
ಡಾಕ್ಟರದು ಒಂದೇ ಮಾತು: ಮಣಿಪಾಲಕ್ಕೆ ಒಯ್ಯಿರಿ.
ಹತ್ತೊಂಬತ್ತು ವರ್ಷ ಮಿನಿಬಸ್ಸಿನಲ್ಲಿ
ಊರವರನ್ನೆಲ್ಲ ಆಗುಂಬೆ ಘಾಟಿ ಇಳಿಸಿದವನು
ಅವತ್ತು ಆಂಬುಲೆನ್ಸಿನ ಹಿಂದೆ ಕೂತು
ಮುಂದಿನ ತಿರುವು ಕಾಣದೆ ಇಳಿದ.
ಆಮೇಲೆ ಹೇಳಿದ: ಪ್ರತಿ ತಿರುವಿಗೂ
ಬಲಗಾಲು ತಾನೇ ಬ್ರೇಕ್ ಒತ್ತುತ್ತಿತ್ತು ಮಾರಾಯ,
ಅಲ್ಲಿ ಬ್ರೇಕೇ ಇರಲಿಲ್ಲ.

ಶಿವಮೊಗ್ಗದ ಖಾಸಗಿ ಸ್ಟ್ಯಾಂಡಿನಲ್ಲಿ ನಾನು
ಹಳೇ ಟ್ರಿಪ್ ಶೀಟಿನ ಹಿಂಬದಿಗೆ ಗೆರೆ ಎಳೆದೆ.
ಬುಕ್ಕಿಂಗ್ ಇಲಿಯಾಜ್, ಸಾವಿರ.
ಕ್ಲೀನರ್ ಚೌಡೇಶ ಎರಡು ದಿನದ ಬಾಟಾ ಪೂರ್ತಿ ಕೊಟ್ಟ.
ಊಟ? ಅಂದರೆ, ಅಕ್ಕನ ಮನೆ ಇದೆಯಲ್ಲ ಅಂದ.
ಅವನ ಅಕ್ಕನ ಮನೆ ಇರುವುದು ಹೊಸನಗರದಲ್ಲಿ.
ಕಡಲೆಕಾಯಿ ಮಾರುವ ಸರಸಕ್ಕ, ನೂರ ಹತ್ತು, ಎಲ್ಲ ನಾಣ್ಯ;
ಎಣಿಸುವಾಗ ಬೆರಳಿಗೆ ಉಪ್ಪು ಹತ್ತಿತು.
ಸಾಹುಕಾರರು ಹತ್ತು ಸಾವಿರ. ಅದನ್ನು ಬರೆಯಲಿಲ್ಲ,
ಅದು ಅಡ್ವಾನ್ಸು, ಸಂಬಳದಲ್ಲಿ ಮುರಿಯುವಂಥದ್ದು.
ಡ್ರೈವರ್ ರುದ್ರೇಗೌಡ:
"ನನ್ನ ಹತ್ರ ಇಸ್ಕೊಂಡ ಎರಡು ಸಾವಿರ
ಮೂರು ವರ್ಷ ಆಯ್ತು, ಕೊಟ್ಟಿಲ್ಲ ಅವನು."
ಬೈಯುತ್ತಲೇ ಜೇಬಿಗೆ ಕೈ ಹಾಕಿದ,
ಬೈಯುತ್ತಲೇ ಎಣಿಸಿದ, ಬರೆಸಿದ ಮೇಲೆ
ಇನ್ನೊಂದು ಸಲ ಬೈದು ಹೋದ.

ಹೆಂಗಸರು ಸರ್ಕಾರಿ ಬಸ್ಸು ಹತ್ತತೊಡಗಿದ ಮೇಲೆ
ನಮ್ಮ ಕಲೆಕ್ಷನ್ನು ಅರ್ಧ; ಯಾರ ಜೇಬೂ
ಆಳವಿಲ್ಲ. ನಾನು
ಐನೂರು ಎಂದು ಬರೆದು ಮುನ್ನೂರು ಹಾಕಿದೆ.
ಮೇಲಿನ ಹೆಸರುಗಳೆಲ್ಲ ನೋಡುತ್ತಿದ್ದವು.
ಕೂಡಿಸುವಾಗ ಇಲಿಯಾಜ್, ಇನ್ನೂರು ಕಮ್ಮಿ ಬರ್ತಿದೆ ಅಂದ.
ನಾಣ್ಯ ಜಾಸ್ತಿಯಲ್ಲ, ಎಣಿಕೆ ತಪ್ಪಿರಬೇಕು ಅಂದೆ.

ಸಂಜೆ ಗುತ್ಯಪ್ಪ ಬಂದ.
ಎದುರು ಕಂಪನಿಯ ಕಂಡಕ್ಟರು. ತೀರ್ಥಹಳ್ಳಿಯಲ್ಲಿ
ತನ್ನ ಟೈಮು ಮುಗಿದರೂ ಎರಡು ನಿಮಿಷ ನಿಲ್ಲಿಸಿಕೊಂಡು
ನಮ್ಮ ಜನರನ್ನು ತುಂಬಿಕೊಳ್ಳುವವನು.
ಹೋದ ದೀಪಾವಳಿಗೆ ಹಾಲೇಶಪ್ಪ ಕಾಲರ್ ಹಿಡಿದು
ಖಾಕಿಯ ಎರಡು ಗುಂಡಿ ಕಿತ್ತಿದ್ದ.
ಚೀಟಿ ಓದಿದ. ಸಾವಿರದ ಇನ್ನೂರು ಮಡಚಿ ಇಟ್ಟ.
ಹೆಸರು ಬೇಡ ಅಂದ.
ಮತ್ತೆ ಏನಂತ ಬರೀಲಿ?
ಹೊರಡುವ ಬಸ್ಸಿಗೆ ಕಿವಿಗೊಟ್ಟವನ ಹಾಗೆ ನಿಂತ.
"ಎರಡು ನಿಮಿಷ ಅಂತ ಬರಿ."

ಇಪ್ಪತ್ತಾರನೇ ದಿನ ಮಗು ಮನೆಗೆ ಬಂತು,
ಕೂದಲು ಕತ್ತರಿಸಿತ್ತು,
ಅಪ್ಪನ ಹಾರ್ನು ಅಣಕಿಸುವಷ್ಟು ದನಿ ಇನ್ನೂ ಇರಲಿಲ್ಲ.
ಹಾಲೇಶಪ್ಪ ಮೊದಲು ಕೇಳಿದ್ದು ಆ ಚೀಟಿ.
ಮದುವೆ ಮುಯ್ಯಿ ಇದ್ದ ಹಾಗೆ ಇದು,
ಅವರವರ ಮನೆಗೆ ವಾಪಸ್ ಹೋಗಬೇಕು ಅಂದ.
ಮುಯ್ಯಿ ತೀರಿಸಬೇಕಾದರೆ ಅವರ ಮನೆಯಲ್ಲೂ
ಹೀಗೊಂದು ಬೆಳಗಾಗಬೇಕಲ್ಲೋ ಅಂದೆ.
ಮಾತಾಡಲಿಲ್ಲ. ಬೆರಳಿಟ್ಟು ಓದುತ್ತಾ ಹೋದ.
ನನ್ನ ಐನೂರನ್ನು ಬೆರಳು ದಾಟುವಾಗ
ನಾನು ಹಿಂದಿನ ಟೈರು ನೋಡುತ್ತಿದ್ದೆ.
ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.
ಯಾರೆಂದು ಕೇಳಲಿಲ್ಲ.

ಮೊನ್ನೆ ತೀರ್ಥಹಳ್ಳಿಯಲ್ಲಿ ಮತ್ತೆ ಜಗಳ.
ಅದೇ ಎರಡು ನಿಮಿಷ. ಗುತ್ಯಪ್ಪನ ಅಪ್ಪ,
ಹಾಲೇಶಪ್ಪನ ಅಜ್ಜ, ತೀರಿಹೋದವರೆಲ್ಲ
ಬೈಗುಳದಲ್ಲಿ ಸ್ಟ್ಯಾಂಡಿಗೆ ಬಂದು ಹೋದರು.
ಕಿಟಕಿಗಳ ತುಂಬ ತಲೆ.
ಕಾಲರಿನ ತನಕ ಹೋದ ಕೈ ಮಾತ್ರ
ಏನೋ ಮರೆತಂತೆ ಗಾಳಿಯಲ್ಲಿ ನಿಂತು,
ತಿರುಗಿ ಬಂದು ಸ್ಟೇರಿಂಗ್ ಹಿಡಿಯಿತು.

ನಾನು ವಿಸಿಲ್ ಊದಿದೆ.
ಆ ಇನ್ನೂರು ಇನ್ನೂ ನನ್ನ ಹತ್ತಿರವೇ ಇದೆ,
ಟಿಕೆಟ್ಟಿನ ಬೆನ್ನಿಗೆ ಬರೆದಿದ್ದರೂ
ಇಳಿಯುವವರು ಕೇಳದೆ ಹೋದ
ಚಿಲ್ಲರೆಯ ಹಾಗೆ.