ಕುಂಟಿ

ನಸುಕಿನ ಮೂರೂವರೆಗೇ ದಾವಣಗೆರೆಯ ಈ ಮೂಲೆ ಎದ್ದಿರುತ್ತದೆ.
ಮಂಡಕ್ಕಿ ಭಟ್ಟಿಗಳ ಸಾಲು, ತಗಡಿನ ಮಾಡು,
ಕೆಳಗೆ ಹೊಟ್ಟು ಉರಿಯುತ್ತದೆ,
ಉಸುಕು ಕಾಯುತ್ತದೆ.

ನಾನು ಅಟ್ಟದ ಮೇಲೆ, ಟಾರ್ಚು ಬಾಯಲ್ಲಿ ಕಚ್ಚಿ,
ಬೆಲ್ಲದ ಅಚ್ಚಿನಷ್ಟಿರುವ ಯಂತ್ರವೊಂದಕ್ಕೆ
ಮೂರನೇ ಭಟ್ಟಿಯ ಪರಿಚಯ ಮಾಡಿಸುತ್ತಿದ್ದೇನೆ.

ಅದರೊಳಗೆ ಡಬ್ಬಿಗಳು,
ಬುತ್ತಿ ಕ್ಯಾರಿಯರಿನ ಹಾಗೆ ಒಂದರ ಮೇಲೊಂದು.
ಒಂದು ಉಸುಕಿನ ಬಿಸಿ ಓದುತ್ತದೆ,
ಒಂದು ಬ್ಲೋವರಿಗೆ ಜೋರು, ನಿಧಾನ ಎನ್ನುತ್ತದೆ,
ಇನ್ನೊಂದು ಲೆಕ್ಕ ಬರೆದಿಟ್ಟುಕೊಂಡು
ನೆಟ್ ಬಂದಾಗ ದೂರದ ಊರಿಗೆ ಕಳಿಸುತ್ತದೆ.
ಸಾರು ಚೆಲ್ಲಿದರೂ ಅನ್ನ ನೆನೆಯಬಾರದು,
ಅಷ್ಟೇ ಅದರ ನೇಮ.

ಮೊದಲು ಎಲ್ಲವನ್ನೂ ಆ ದೂರಕ್ಕೇ ಕೇಳುತ್ತಿದ್ದೆವು.
ಇಲ್ಲಿ ಉಸುಕು ಕೆಂಪಾಗಿ
ಅಲ್ಲಿಂದ ಉತ್ತರ ಬರುವಷ್ಟರಲ್ಲಿ
ಒಂದು ಬಾಣಲೆ ಅಕ್ಕಿ ಕರಿಕು.

ಮೊಣಕೈ ಉದ್ದದ ಕಂಬಿ ಉಸುಕಿಗೆ ಚುಚ್ಚಿದೆ.
ಯಂತ್ರ ಕಣ್ಣು ಮಿಟುಕಿಸಿತು:
ಯಾರೋ ಹೊಸಬರು. ಹೆಸರು?

ಕೆಳಗಿಂದ ಚಮನ್ ಸಾಬ್: "ಏನಂತ ಬರೀತೀಯಪಾ?"
"ಭಟ್ಟಿ ಮೂರು."
"ಮೂರು ಅಂದ್ರ ಯಾರು? ಆಕಿ ಕುಂಟಿ!
ಎಡಗಡೆ ಗ್ವಾಡಿ ಕುಸದೈತಿ,
ಆ ಕಡಿ ಉಸುಕು ತಡಾ ಮಾಡಿ ಕಾಯ್ತೈತಿ.
ಮೂರು ಅಂತ ಕರದ್ರ ಆಕಿ ಓ ಅನ್ನಂಗಿಲ್ಲ."
ಖೈರುನ್‌ಬಿ ಜರಡಿ ನಿಲ್ಲಿಸದೆ ನಕ್ಕಳು,
ರೆಪ್ಪೆಯ ಬೂದಿ ಉದುರಿತು.

ಕುಂಟಿ ಎಂದು ಒತ್ತಿದೆ.
ಎರಡು ಉಸಿರಿನಲ್ಲಿ
ಆ ಹೆಸರಿನದೇ ಒಂದು ಡಬ್ಬಿ ಒಳಗೆ ಎದ್ದು ಕೂತಿತು.
ಕಂಬಿ ಕಿತ್ತರೆ ಇಲ್ಲ, ಚುಚ್ಚಿದರೆ ಉಂಟು.
ಹುಟ್ಟುಸಾವಿನಂಥ ದೊಡ್ಡ ಮಾತು ಬೇಡ,
ನೀರು ನಿಂತರೆ ನಲ್ಲಿ ಸುಮ್ಮನಾದಂತೆ.

ಅದೇ ವಾರ ಚರಂಡಿ ತೋಡುವವರು ಕೇಬಲ್ಲು ಕಡಿದರು.
ಮೂರು ದಿನ ದೂರದ ಊರಿಗೆ ನಾವು ಇಲ್ಲವೇ ಇಲ್ಲ.
ಬ್ಲೋವರು ಮಾತ್ರ ಹೇಳಿದಂತೆ ಕೇಳಿತು,
ಮೂಟೆಗಳು ತುಂಬಿದವು,
ಲೆಕ್ಕದ ಡಬ್ಬಿ ಬರೆಯುತ್ತಲೇ ಕಾಯುತ್ತಿತ್ತು.
(ಕಾಯುವುದು ಉಸುಕಿಗೊಂದು, ಇದಕ್ಕೊಂದು.)

ನಾಲ್ಕನೇ ದಿನ ಪರದೆ ಹೇಳಿತು: ಬಿಸಿ ಸರಿಯಿದೆ.
ಚಮನ್ ಸಾಬ್ ಚಿಟಿಕೆ ಅಕ್ಕಿ ಎಸೆದು ಕಿವಿಕೊಟ್ಟ.
"ಇಲ್ಲ. ಚಟಚಟ ಅನಬೇಕು,
ಇದು ಚಿಟಿಚಿಟಿ ಅಂತೈತಿ."

ಸುಳ್ಳು ಯಾರೂ ಹೇಳಿರಲಿಲ್ಲ.
ನಾನು ಕಂಬಿ ಚುಚ್ಚಿದ್ದು ಬಲಗಡೆ,
ಆತ ಅಕ್ಕಿ ಎಸೆದದ್ದು ಎಡಗಡೆ.

ಚೀಲದಲ್ಲಿ ಇನ್ನೊಂದು ಕಂಬಿ ಇತ್ತು.
ಕುಸಿದ ಗೋಡೆಯ ಪಕ್ಕ ಊರಿದೆ, ಕೈ ಸುಟ್ಟಿತು.
ಯಂತ್ರ ಮತ್ತೆ ಕೇಳಿತು: ಹೆಸರು?
ಈ ಸಲ ನಾನೇ ಕೆಳಗೆ ನೋಡಿದೆ.
"ಕುಂಟಿ ಕಾಲು," ಎಂದ ಮುದುಕ,
ಯೋಚಿಸುವ ವಿಷಯವೇ ಅಲ್ಲ ಎಂಬಂತೆ.

ಸಂಜೆ ಕೇಬಲ್ಲು ಕೂಡಿತು.
ತಡೆದಿಟ್ಟ ಲೆಕ್ಕವೆಲ್ಲ ಒಮ್ಮೆಲೇ ಹರಿದು ಹೋಯಿತು.
ಸ್ವಲ್ಪ ಹೊತ್ತಿಗೆ ಅಲ್ಲಿಂದ ಫೋನು,
ಹೆಣ್ಣು ದನಿ, ಬಹಳ ವಿನಯ:
ಪಟ್ಟಿಯಲ್ಲಿ ಎರಡು ಹೆಸರು ತಪ್ಪಾಗಿ ಬಿದ್ದಂತಿವೆ, ತಿದ್ದಬೇಕೇ?

ಖೈರುನ್‌ಬಿ ನನ್ನ ಮುಂದೆ ಕಾಗದ ಹಾಸಿ
ಬಿಸಿ ಮಂಡಕ್ಕಿ ಸುರಿದಳು.
ಬಾಯಿ ತುಂಬಿಕೊಂಡೇ ಹೇಳಿದೆ:
ಬೇಡ ಮೇಡಂ, ಆಕಿ ಹೆಸರೇ ಅದು.